ಎರಡು ನಿಮಿಷದ ಆಕಾಶಯಾನ

ವಿಮಾನವೇರಿದ ಪ್ರಯಾಣಿಕನು ಸೊಂಟದ ಪಟ್ಟಿಯನ್ನು ಬಿಗಿದುಕೊಂಡು, ಕಿಟಕಿಯತ್ತ ವಾಲಿ, ಕೆಳಗಿನ ಸಮುದ್ರವನ್ನು ಒಮ್ಮೆ ಕಣ್ತುಂಬ ನೋಡಬೇಕೆನ್ನುವಷ್ಟರಲ್ಲಿ ಚಕ್ರಗಳು ನೆಲವನ್ನು ಮುಟ್ಟಿರುತ್ತವೆ. ಬಿಟ್ಟುಬಂದ ದ್ವೀಪ ಇನ್ನೂ ಕಣ್ಣೆದುರಿಗೇ ಇದೆ. ಸೇರಬೇಕಾದ ದ್ವೀಪ ಕಾಲ ಕೆಳಗಿದೆ. ಕೈಗಡಿಯಾರದ ದೊಡ್ಡ ಮುಳ್ಳು ಎರಡು ಗೆರೆ ಮುಂದೆ ಸರಿದಿದೆ, ಅಷ್ಟೆ. ಚಹವಿಲ್ಲ, ತಿಂಡಿಯಿಲ್ಲ, ಗಗನಸಖಿಯ ಮುಗುಳ್ನಗೆಯಿಲ್ಲ. ಇವೆಲ್ಲಕ್ಕೂ ವೇಳೆಯಾದರೂ ಎಲ್ಲಿದೆ?

ವೇಳಾಪಟ್ಟಿಗೆ ಅನುಸಾರವಾಗಿ ಜಗತ್ತಿನಲ್ಲಿ ನಡೆಯುವ ವಿಮಾನಯಾನಗಳಲ್ಲೆಲ್ಲ ಅತ್ಯಂತ ಕಿರಿದಾದುದೆಂದು ದಾಖಲೆಯಾಗಿರುವ ಯಾನವಿದು. ಸ್ಕಾಟ್ಲೆಂಡಿನ ಉತ್ತರಕ್ಕೆ ಕಡಲಿನಲ್ಲಿ ಚೆದರಿ ಬಿದ್ದಿರುವ ಆರ್ಕ್ನಿ ದ್ವೀಪಸ್ತೋಮದಲ್ಲಿ ವೆಸ್ಟ್ರೇ ಎಂಬುದೊಂದು ದ್ವೀಪ. ಅದರ ಪೂರ್ವದ ಮಗ್ಗುಲಿಗೆ, ತಾಯಿಯ ಸೆರಗು ಹಿಡಿದ ಕೂಸಿನಂತೆ, ಪಾಪಾ ವೆಸ್ಟ್ರೇ ಎಂಬ ಇನ್ನೊಂದು ಪುಟ್ಟ ದ್ವೀಪ. ಎರಡರಲ್ಲೂ ಒಂದೊಂದು ವಿಮಾನ ನಿಲ್ದಾಣ. ಆ ಎರಡು ನಿಲ್ದಾಣಗಳ ನಡುವಣ ಅಂತರ 2.7 ಕಿಲೋಮೀಟರು, ಎಂದರೆ ಒಂದೂಮುಕ್ಕಾಲು ಮೈಲಿಗೂ ಕೊಂಚ ಕಡಮೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವನ್ನು ಕಂಡವರಿಗೆ ಇದರ ಅಳತೆ ಸುಲಭವಾಗಿ ಮನಸ್ಸಿಗೆ ಬಂದೀತು. ಅಲ್ಲಿಯ ಒಂದೊಂದು ಓಡುದಾರಿಯ ಉದ್ದವೇ 4,000 ಮೀಟರು. ಒಂದು ನಿಲ್ದಾಣದಿಂದ ಏರಿ, ಕಡಲು ದಾಟಿ, ಇನ್ನೊಂದು ನಿಲ್ದಾಣದಲ್ಲಿ ಇಳಿಯುವ ಈ ಇಡೀ ಪ್ರವಾಸವನ್ನು ಬೆಂಗಳೂರಿನ ಓಡುದಾರಿಯ ಮೇಲೆ ಹಾಸಿದರೆ ಇನ್ನೂ ಕಾಲುಭಾಗಕ್ಕಿಂತ ಹೆಚ್ಚು ಜಾಗ ಉಳಿಯುತ್ತದೆ!

ವೇಳಾಪಟ್ಟಿಯ ಪ್ರಕಾರ ಈ ಯಾನಕ್ಕೆ ಎರಡು ನಿಮಿಷ. ಗಾಳಿ ಅನುಕೂಲವಾಗಿದ್ದರೆ ಅಷ್ಟೂ ಬೇಕಾಗುವುದಿಲ್ಲ. ಸ್ಟುವರ್ಟ್ ಲಿಂಕ್ಲೇಟರ್ ಎಂಬ ವೈಮಾನಿಕರು ಒಮ್ಮೆ ಇದನ್ನು 53 ಸೆಕೆಂಡುಗಳಲ್ಲಿ ಮುಗಿಸಿ ದಾಖಲೆಯ ಪುಸ್ತಕವನ್ನು ಸೇರಿದರು. ಅವರು 2013ರಲ್ಲಿ ನಿವೃತ್ತರಾಗುವ ವೇಳೆಗೆ ಇದೇ ದಾರಿಯಲ್ಲಿ 12,000ಕ್ಕೂ ಹೆಚ್ಚು ಸಲ ಹಾರಿದ್ದರು. ಮನೆಯಿಂದ ಅಂಗಡಿಬೀದಿಗೆ ಹೋಗಿಬರುವವರು ಕೂಡ ತಮ್ಮ ಆಯುಷ್ಯದಲ್ಲಿ ಅಷ್ಟು ಸಲ ಹೋಗಿಬಂದಾರೆಯೇ ಎಂಬುದು ಸಂಶಯ.

ಸೋಜಿಗವನ್ನು ಕಂಡು ನಕ್ಕು ಮುಂದೆ ಹೋಗುವುದು ಸುಲಭ. ಈ ಪುಟ್ಟ ಯಾನಕ್ಕಾಗಿಯೇ ದೂರದೂರದಿಂದ ಬರುವ ಪ್ರವಾಸಿಗರೂ ಉಂಟು. ಅವರಿಗೆ ‘ಜಗತ್ತಿನ ಅತಿ ಕಿರಿಯ ವಿಮಾನಯಾನವನ್ನು ಮಾಡಿದವರು’ ಎಂಬ ಪ್ರಮಾಣಪತ್ರವೂ ದೊರೆಯುತ್ತದೆ. ಅದನ್ನು ಜೇಬಿಗಿಳಿಸಿ, ದ್ವೀಪದಲ್ಲಿ ನಾಲ್ಕು ಹೆಜ್ಜೆಯನ್ನೂ ಇಡದೆ, ಅದೇ ವಿಮಾನದಲ್ಲಿ ಹಿಂದಿರುಗುವವರಿದ್ದಾರೆ. ಎರಡು ನಿಮಿಷಕ್ಕಾಗಿ ಸಾವಿರಾರು ಮೈಲಿ ಬಂದು, ಆ ಎರಡು ನಿಮಿಷ ಯಾರಿಗಾಗಿ, ಏತಕ್ಕಾಗಿ ಎಂಬುದನ್ನು ಕೇಳದೆ ಮರಳುವ ಆ ಜನರನ್ನು ಕಂಡರೆ ಮರುಕವಾಗಬೇಕು.

ಆರ್ಕ್ನಿಯ ಸ್ವರೂಪವನ್ನು ಇಲ್ಲಿ ಸ್ವಲ್ಪ ತಿಳಿಯುವುದು ಅಗತ್ಯ. ಬ್ರಿಟನ್ನಿನ ಉತ್ತರ ತುದಿಯಿಂದ ಹತ್ತು ಮೈಲಿ ಆಚೆಗೆ, ಪೆಂಟ್‌ಲೆಂಡ್ ಜಲಸಂಧಿಯನ್ನು ದಾಟಿದರೆ ಈ ದ್ವೀಪಗಳು ಸಿಗುತ್ತವೆ. ಚಿಕ್ಕವು ದೊಡ್ಡವು ಎಲ್ಲ ಸೇರಿ ಸುಮಾರು 70. ಮನುಷ್ಯವಾಸವಿರುವುವು 20ರ ಆಸುಪಾಸು. ಮರಗಳಿಲ್ಲವೆಂದೇ ಹೇಳಬೇಕು, ಗಾಳಿ ಬೆಳೆಯಗೊಡುವುದಿಲ್ಲ. ಹುಲ್ಲು ಮಾತ್ರ ಸಮೃದ್ಧ. ಆದ್ದರಿಂದ ದನ, ಕುರಿ, ಮೀನು ಇವೇ ಜೀವನೋಪಾಯ. ಈ ನಾಡು ಹಿಂದೆ ನಾರ್ವೆಯವರದಾಗಿತ್ತು. 1468ರಲ್ಲಿ ಡೆನ್ಮಾರ್ಕ್ ಮತ್ತು ನಾರ್ವೆಗಳ ದೊರೆಯು ತನ್ನ ಮಗಳನ್ನು ಸ್ಕಾಟ್ಲೆಂಡಿನ ಅರಸನಿಗೆ ಕೊಡುವಾಗ, ವರದಕ್ಷಿಣೆಯ ಹಣಕ್ಕೆ ಅಡವಾಗಿ ಆರ್ಕ್ನಿಯನ್ನು ಬರೆದುಕೊಟ್ಟ. ಹಣ ಸಂದಾಯವಾಗಲಿಲ್ಲ, ದ್ವೀಪಗಳು ಸ್ಕಾಟ್ಲೆಂಡಿನ ಪಾಲಾದುವು. ವರದಕ್ಷಿಣೆಯ ಸಾಲದಲ್ಲಿ ಹೊಲಮನೆ ಕಳೆದುಕೊಂಡ ತಂದೆಯರನ್ನು ನಮ್ಮ ನಾಡಿನಲ್ಲಿ ಕೇಳಿದ್ದೇವೆ; ಒಂದು ದ್ವೀಪಸ್ತೋಮವನ್ನೇ ಕಳೆದುಕೊಂಡ ತಂದೆ ಆತನೊಬ್ಬನೇ ಇರಬೇಕು.

ಇಲ್ಲಿಯ ಮುಖ್ಯ ಪಟ್ಟಣ ಕಿರ್ಕ್‌ವಾಲ್. ದೊಡ್ಡ ಆಸ್ಪತ್ರೆ, ದೊಡ್ಡ ಶಾಲೆ, ಕಚೇರಿಗಳು, 1137ರಲ್ಲಿ ಕಟ್ಟತೊಡಗಿದ ಸಂತ ಮ್ಯಾಗ್ನಸ್ಸನ ಕೆಂಪು ಕಲ್ಲಿನ ಮಹಾದೇವಾಲಯ, ಎಲ್ಲವೂ ಅಲ್ಲಿ. ಪಾಪಾ ವೆಸ್ಟ್ರೇಯಿಂದ ಕಿರ್ಕ್‌ವಾಲಿಗೆ ನೇರವಾಗಿ ಅಳೆದರೆ ಸುಮಾರು 44 ಕಿಲೋಮೀಟರು. ನೆಲದ ಮೇಲಾದರೆ ಇದೊಂದು ದೂರವೇ ಅಲ್ಲ. ಆದರೆ ನಡುವೆ ಇರುವುದು ಉತ್ತರ ಅಟ್ಲಾಂಟಿಕ್ಕಿನ ನೀರು. ಅಲ್ಲಿ ದೂರವನ್ನು ಅಳೆಯುವುದು ಮೈಲಿಗಲ್ಲಿನಿಂದಲ್ಲ; ಅಲೆಯ ಎತ್ತರದಿಂದ, ಮಂಜಿನ ದಟ್ಟಣೆಯಿಂದ, ಡಿಸೆಂಬರಿನ ಆರು ಗಂಟೆಯ ಹಗಲಿನಿಂದ. ಶರಾವತಿಯ ಹಿನ್ನೀರಿನ ದಡದಲ್ಲಿ ಲಾಂಚಿಗಾಗಿ ಕಾದು ನಿಂತು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಒಂದೂಮುಕ್ಕಾಲು ಮೈಲಿಗೆ ವಿಮಾನವೇಕೆ? ಇದಕ್ಕೆ ಉತ್ತರ ಸರಳ. ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಜನರನ್ನು ಸಾಗಿಸಬೇಕೆಂದು ಯಾರೂ ಈ ಯಾನವನ್ನು ಹೂಡಲಿಲ್ಲ. ಎರಡು ದ್ವೀಪಗಳಿಗೂ ಬೇಕಾದುದು ಕಿರ್ಕ್‌ವಾಲಿನ ಸಂಪರ್ಕ. ಕಿರ್ಕ್‌ವಾಲಿನಿಂದ ಹೊರಟ ವಿಮಾನ ಒಂದು ದ್ವೀಪದಲ್ಲಿಳಿದು, ನೆರೆಯ ದ್ವೀಪಕ್ಕೆ ನೆಗೆದು, ಅಲ್ಲಿಯವರನ್ನೂ ಹತ್ತಿಸಿಕೊಂಡು ಹಿಂದಿರುಗುತ್ತದೆ. ಹಳ್ಳಿಯ ಬಸ್ಸು ಹೆದ್ದಾರಿಯಿಂದ ಒಳಗೆ ಹೊರಳಿ ಎರಡು ಊರು ಸುತ್ತಿಕೊಂಡು ಬರುವಂತೆಯೇ ಇದು. ಆ ಎರಡು ಊರುಗಳ ನಡುವಣ ಸಣ್ಣ ನೆಗೆತವೇ ಜಗತ್ಪ್ರಸಿದ್ಧವಾಯಿತು. ಅದನ್ನು ಹೊತ್ತ ದೊಡ್ಡ ಸುತ್ತನ್ನು ಜಗತ್ತು ಮರೆಯಿತು.

ಈ ಸುತ್ತಿಗೂ ಒಂದು ಇತಿಹಾಸವಿದೆ. ಮೊದಲನೆಯ ಮಹಾಯುದ್ಧದಲ್ಲಿ ವೈಮಾನಿಕರಾಗಿದ್ದ ಕ್ಯಾಪ್ಟನ್ ಫ್ರೆಸನ್ ಎಂಬವರು 1931ರಲ್ಲಿ ಆರ್ಕ್ನಿಗೆ ಬಂದು ಜನರಿಗೆ ವಿಮಾನದ ರುಚಿ ಹತ್ತಿಸಿದರು. 1933ರ ಮೇ 8ರಂದು ಇನ್ವರ್ನೆಸ್ಸಿನಿಂದ ಕಿರ್ಕ್‌ವಾಲಿಗೆ ಅವರ ನಿಯತ ವಿಮಾನಸಂಚಾರ ಪ್ರಾರಂಭವಾಯಿತು. ಮರುವರ್ಷದ ಮೇ ತಿಂಗಳಲ್ಲಿ ಸಾಮಾನ್ಯ ಅಂಚೆದರಕ್ಕೇ ಕಾಗದಗಳನ್ನು ವಿಮಾನದಲ್ಲಿ ಒಯ್ಯುವ ಏರ್ಪಾಡೂ ಆಯಿತು. ಬ್ರಿಟನ್ನಿನ ಒಳನಾಡಿನಲ್ಲಿ ಅದೇ ಮೊದಲು. ಬಳಿಕ ಅವರು ಸಣ್ಣ ದ್ವೀಪಗಳತ್ತ ಹೊರಳಿ, ಸಮತಟ್ಟಾದ ಹೊಲ, ಹುಲ್ಲುಗಾವಲುಗಳನ್ನು ಹುಡುಕಿ ಅಲ್ಲೆಲ್ಲ ವಿಮಾನವನ್ನಿಳಿಸತೊಡಗಿದರು. ಹಡಗಿನಲ್ಲಿ ಇಡೀ ದಿನ ಹಿಡಿಯುತ್ತಿದ್ದ ಪ್ರಯಾಣ ನಿಮಿಷಗಳಿಗಿಳಿಯಿತು. ಆದರೆ ಆ ಸುಖ ಹೆಚ್ಚು ಕಾಲ ಬಾಳಲಿಲ್ಲ. ಎರಡನೆಯ ಮಹಾಯುದ್ಧದ ಬಿರುಗಾಳಿಯಲ್ಲಿ ದ್ವೀಪಗಳ ನಡುವಣ ಹಾರಾಟ ನಿಂತಿತು. ಅದು ಮತ್ತೆ ಕಣ್ಣು ತೆರೆದುದು 1967ರಲ್ಲಿ. ಕಟ್ಟಡದ ಕಂತ್ರಾಟುದಾರರ ಮನೆಯ ಕೂಸಾಗಿ 1962ರಲ್ಲಿ ಹುಟ್ಟಿದ ಲೋಗನ್‌ಏರ್ ಎಂಬ ಸಂಸ್ಥೆ ಆ ಕೆಲಸವನ್ನು ಕೈಗೆತ್ತಿಕೊಂಡಿತು.

ಈ ದಾರಿಗೆ ತಕ್ಕ ವಾಹನವೂ ಅದೇ ಹೊತ್ತಿಗೆ ಸಿದ್ಧವಾಗಿತ್ತು. ಅದರ ಹೆಸರೇ ‘ಐಲೆಂಡರ್’, ಎಂದರೆ ದ್ವೀಪವಾಸಿ. ಬ್ರಿಟನ್ ಮತ್ತು ನಾರ್ಮನ್ ಎಂಬ ಇಬ್ಬರು ತಜ್ಞರು ವೈಟ್ ದ್ವೀಪದಲ್ಲಿ ಇದನ್ನು ರಚಿಸಿದರು. ಮೊದಲು ಹಾರಿದ್ದು 1965ರಲ್ಲಿ. ರೆಕ್ಕೆ ತಲೆಯ ಮೇಲಿದೆ. ಎರಡು ಕಡೆಗೂ ಒಂದೊಂದು ಯಂತ್ರ. ಚಕ್ರಗಳು ಮಡಚಿ ಒಳಗೆ ಸರಿಯುವುವಲ್ಲ, ಸದಾ ಕೆಳಗೇ ಚಾಚಿಕೊಂಡಿರುವುವು. ಎರಡು ನಿಮಿಷದ ದಾರಿಯಲ್ಲಿ ಮಡಚಿ ಬಿಚ್ಚುವ ಉಸಾಬರಿ ಏಕೆ? ಪ್ರಯಾಣಿಕರು ಎಂಟು ಮಂದಿ. ಸಣ್ಣ ವಿಮಾನವಾದುದರಿಂದ ಭಾರ ಒಂದೇ ಕಡೆಗೆ ವಾಲದಂತೆ ಕೂರಿಸುತ್ತಾರೆ. ಯಾರು ಎಲ್ಲಿ ಕೂರಬೇಕೆಂಬುದು ಅಂತಸ್ತಿನಿಂದಲ್ಲ, ಮೈತೂಕದಿಂದ ನಿರ್ಧಾರವಾಗುತ್ತದೆ. ಅದೃಷ್ಟವಿದ್ದವನಿಗೆ ವೈಮಾನಿಕನ ಪಕ್ಕದ ಆಸನವೇ ದೊರೆಯುವುದುಂಟು. ವೈಮಾನಿಕನೇ ಹಿಂದಿರುಗಿ ನೋಡಿ ನಾಲ್ಕು ಎಚ್ಚರಿಕೆಯ ಮಾತು ಹೇಳಿ ಯಂತ್ರವನ್ನು ಚಾಲೂ ಮಾಡುತ್ತಾನೆ. ಜಲ್ಲಿ ಹಾಸಿದ ಕಿರು ಓಡುದಾರಿಯಲ್ಲಿ ಸ್ವಲ್ಪ ದೂರ ಓಡಿ ಅದು ಏರಿಬಿಡುತ್ತದೆ. ಕೆಳಗೆ ಹಸಿರು ಹೊಲ, ಬಂಡೆ, ಬಿಳಿಯ ನೊರೆ, ಪಾಪಾ ಜಲಸಂಧಿಯ ನೀಲಿ ನೀರು, ಮತ್ತೆ ನೊರೆ, ಮತ್ತೆ ಹಸಿರು. ಇಳಿದಾಯಿತು.

ಇಳಿದ ನಿಲ್ದಾಣ ಒಂದು ಚಿಕ್ಕ ಕಟ್ಟಡ. ಸುತ್ತ ಮೇಯುವ ದನ. ಬದಿಯಲ್ಲಿ ಬೆಂಕಿಯಾರಿಸುವ ಬಂಡಿಯೊಂದನ್ನು ಸಜ್ಜುಗೊಳಿಸಿ ನಿಂತವರು ಕಾಣುತ್ತಾರೆ. ಅವರು ಬೇರೆಯವರಲ್ಲ, ಊರವರೇ. ಬೆಳಗ್ಗೆ ಹಟ್ಟಿಯಲ್ಲಿ ದನಕ್ಕೆ ಮೇವು ಹಾಕಿದ ರೈತನೇ ವಿಮಾನದ ಹೊತ್ತಿಗೆ ಅಗ್ನಿಶಾಮಕನ ಉಡುಪು ತೊಟ್ಟು ಬಂದಿರುತ್ತಾನೆ. ವಿಮಾನ ಹೊರಟೊಡನೆ ಮತ್ತೆ ಹಟ್ಟಿಗೆ. ತೊಂಬತ್ತು ಜನರ ಊರಿನಲ್ಲಿ ಒಬ್ಬೊಬ್ಬನೂ ಮೂರು ನಾಲ್ಕು ಉದ್ಯೋಗ ಮಾಡದೆ ವಿಧಿಯಿಲ್ಲ.

ಹೌದು, ತೊಂಬತ್ತೇ ಜನ. ಸುಮಾರು ನಾಲ್ಕು ಮೈಲಿ ಉದ್ದ, ಒಂದು ಮೈಲಿ ಅಗಲದ ಈ ದ್ವೀಪವನ್ನು ಅಲ್ಲಿಯವರು ಅಕ್ಕರೆಯಿಂದ ‘ಪಾಪೇ’ ಎನ್ನುತ್ತಾರೆ. ಪಾದ್ರಿಗಳ ದ್ವೀಪವೆಂದು ಹಳೆಯ ನಾರ್ವೆ ನುಡಿಯಲ್ಲಿ ಅದರ ಅರ್ಥ. 2001ರ ಜನಗಣತಿಯಲ್ಲಿ ಇಲ್ಲಿದ್ದವರು 65 ಮಂದಿ ಮಾತ್ರ. ಇನ್ನೇನು ದೀಪ ಆರಿತು ಎನ್ನುವ ಸ್ಥಿತಿ. ಆ ಕಡಲಿನ ಅಂಚಿನಲ್ಲಿ ಹಾಗೆ ಆರಿದ ದೀಪಗಳು ಎಷ್ಟೋ ಇವೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಸೇಂಟ್ ಕಿಲ್ಡಾ ದ್ವೀಪದಲ್ಲಿ ಉಳಿದಿದ್ದ 36 ಮಂದಿ 1930ರಲ್ಲಿ ತಾವಾಗಿಯೇ ಬೇಡಿಕೊಂಡು ಊರು ಬಿಟ್ಟು ಹಡಗು ಹತ್ತಿದರು. ಇಂದು ಅಲ್ಲಿ ಹಳೆಯ ಮನೆಗಳ ಗೋಡೆಗಳೂ ಕುರಿಗಳೂ ಹಕ್ಕಿಗಳೂ ಇವೆ, ಆ ಸಂತತಿ ಇಲ್ಲ. ಒಂದು ದ್ವೀಪ ಒಮ್ಮೆಲೇ ಬರಿದಾಗುವುದಿಲ್ಲ. ಮೊದಲು ಶಾಲೆಗೆ ಮಕ್ಕಳು ಸಾಲದೆ ಹೋಗುತ್ತಾರೆ. ಮಕ್ಕಳಿರುವ ಇನ್ನೊಂದು ಮನೆಯವರು ಪಟ್ಟಣದ ದಾರಿ ಹಿಡಿಯುತ್ತಾರೆ. ದೋಣಿಗೆ ಕೈಹಚ್ಚಲು ಗಟ್ಟಿಮುಟ್ಟಾದ ಗಂಡಸರು ಸಿಗುವುದಿಲ್ಲ. ಹೆರಿಗೆಗೆ ಹೋದವರು ಹಿಂದಿರುಗುವುದಿಲ್ಲ. ಕೊನೆಗೆ ಮುದುಕರು ಉಳಿಯುತ್ತಾರೆ, ಆಮೇಲೆ ಅವರೂ ಇಲ್ಲ.

ಪಾಪೇ ಆ ದಾರಿಯನ್ನು ಹಿಡಿಯಲಿಲ್ಲ. 2011ರ ಗಣತಿಯಲ್ಲಿ ಜನಸಂಖ್ಯೆ 65ರಿಂದ 90ಕ್ಕೇರಿತು. ಲಕ್ಷ ಕೋಟಿಗಳ ಲೆಕ್ಕದಲ್ಲಿ ಮುಳುಗಿರುವವರಿಗೆ ಇಪ್ಪತ್ತೈದು ಜನ ಹೆಚ್ಚಾದದ್ದು ನಗೆಯ ಸಂಗತಿಯಾಗಿ ಕಂಡೀತು. ಆದರೆ ನೂರು ಮನೆಯ ಹಳ್ಳಿಯೊಂದಕ್ಕೆ ಹತ್ತು ವರ್ಷದಲ್ಲಿ ನಲವತ್ತು ಮನೆ ಹೊಸದಾಗಿ ಸೇರಿದಂತೆ ಅದು. ಇದಕ್ಕೆ ಕಾರಣ ವಿಮಾನವೊಂದೇ ಎಂದರೆ ತಪ್ಪಾಗುತ್ತದೆ. ದ್ವೀಪವಾಸಿಗಳೇ ಕೂಡಿ ಕಟ್ಟಿಕೊಂಡ ಸಹಕಾರ ಸಂಘವೊಂದು ಅಂಗಡಿಯನ್ನು ನಡೆಸುತ್ತದೆ, ಬಂದವರಿಗೆ ಇಳಿದುಕೊಳ್ಳಲು ಅತಿಥಿಗೃಹವನ್ನು ಇಟ್ಟಿದೆ. ಕಿರಿಯ ಮಕ್ಕಳಿಗೆ ಊರಿನಲ್ಲೇ ಶಾಲೆಯಿದೆ. ಮುಂದಿನ ತರಗತಿಯವರು ದೋಣಿಯಲ್ಲಿ ವೆಸ್ಟ್ರೇಯ ಶಾಲೆಗೆ ಹೋಗಿಬರುತ್ತಾರೆ. ಇನ್ನೂ ದೊಡ್ಡವರು ಕಿರ್ಕ್‌ವಾಲಿನ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಾರೆ. ಈ ಎಲ್ಲ ಎಳೆಗಳಲ್ಲಿ ವಿಮಾನವೂ ಒಂದು. ಎಳೆಗಳು ಕೂಡಿದರೆ ತಾನೇ ಹಗ್ಗ?

ವಿಮಾನದಿಂದ ಇಳಿಯುವವರನ್ನು ಒಂದು ದಿನ ನಿಂತು ನೋಡಿದರೆ ಈ ಮಾತು ತಿಳಿಯುತ್ತದೆ. ಪ್ರಮಾಣಪತ್ರದ ಪ್ರವಾಸಿಗರು ಇದ್ದೇ ಇರುತ್ತಾರೆ. ಅವರ ನಡುವೆ ಔಷಧದ ಪೆಟ್ಟಿಗೆ ಹಿಡಿದ ವೈದ್ಯರು, ಹಲ್ಲಿನ ವೈದ್ಯರು, ದನದ ವೈದ್ಯರು. ದ್ವೀಪದಿಂದ ದ್ವೀಪಕ್ಕೆ ಹಾರುತ್ತ ಒಂದೆಡೆ ಸಂಗೀತ, ಇನ್ನೊಂದೆಡೆ ಚಿತ್ರಕಲೆ ಹೇಳಿಕೊಡುವ ಸಂಚಾರಿ ಉಪಾಧ್ಯಾಯರು. ಬ್ಯಾಂಕಿನ ಕೈಚೀಲ ಹಿಡಿದು ಬರುತ್ತಿದ್ದ ಅಧಿಕಾರಿಗಳೂ ಉಂಟು. ಎದುರಿಗೆ ಹತ್ತಲು ನಿಂತವರಲ್ಲಿ ಕಿರ್ಕ್‌ವಾಲಿನ ಆಸ್ಪತ್ರೆಗೆ ಹೊರಟವರು, ಅಲ್ಲಿರುವ ಮಗುವನ್ನು ನೋಡಲು ಹೋಗುವ ತಾಯಿ. ಒಂದು ಕಾಲದಲ್ಲಿ ಇದೇ ಐಲೆಂಡರ್ ಜಾತಿಯ ವಿಮಾನಗಳೇ ರೋಗಿಗಳನ್ನು ಹೊತ್ತು ಹಾರುತ್ತಿದ್ದುವು; ಲೋಗನ್‌ಏರ್ ಸಂಸ್ಥೆ ಸ್ಕಾಟ್ಲೆಂಡಿನ ದ್ವೀಪಗಳಿಗೆ ಈ ಸೇವೆಯನ್ನು 1973ರಿಂದ 2006ರವರೆಗೆ ನಡೆಸಿತು.

ಟಿಕೀಟಿನ ಹಣದಿಂದಲೇ ಇಂಥ ಯಾನ ನಡೆಯಲಾರದೆಂಬುದು ಸ್ಪಷ್ಟ. ಸಾರ್ವಜನಿಕ ಬೊಕ್ಕಸದಿಂದ ಸಹಾಯಧನ ಸಲ್ಲುತ್ತದೆ. ಇಷ್ಟು ಕಡಮೆ ಜನಕ್ಕಾಗಿ ಇಷ್ಟೊಂದು ಖರ್ಚೇ ಎಂದು ಲೆಕ್ಕಿಗರು ಹುಬ್ಬೇರಿಸಬಹುದು. ತಲೆಗೆ ಇಷ್ಟೆಂದು ಭಾಗಿಸಿ ನೋಡಿದರೆ ಅವರ ಲೆಕ್ಕ ಸರಿಯೇ. ಆದರೆ ಭಾಗಿಸುವ ಮುನ್ನ ಇನ್ನೊಂದನ್ನು ಕೇಳಬೇಕು. ಐದು ಸಾವಿರ ವರ್ಷಗಳಿಗೂ ಹಿಂದೆ ಜನ ಮನೆ ಕಟ್ಟಿ ಬದುಕಿದ ನೆಲವೊಂದನ್ನು ಬರಿದುಮಾಡುವುದಕ್ಕೆ ಎಷ್ಟು ಬೆಲೆ ಹಾಕೋಣ?

ವಿಮಾನವೇನೂ ಗಾಳಿಮಳೆಯನ್ನು ಗೆದ್ದುದಲ್ಲ. ವೈಮಾನಿಕನು ಕಣ್ಣಿನಿಂದ ನೆಲವನ್ನೂ ನೀರನ್ನೂ ಕಂಡೇ ಹಾರಿಸಬೇಕು. ಕಡಲ ಮೇಲಿನಿಂದ ದಟ್ಟ ಮಂಜು ಹರಿದುಬಂದರೆ ಯಾನ ನಿಲ್ಲುತ್ತದೆ. ಆಗ ಎರಡು ನಿಮಿಷದ ದೂರ ಒಂದು ದಿನವಾದರೂ ಆಗಬಹುದು, ಎರಡು ದಿನವಾದರೂ ಆಗಬಹುದು. ವೆಸ್ಟ್ರೇಯ ಪಿಯರೋವಾಲ್ ಹಳ್ಳಿಗೆ ಹೋಗುವ ದೋಣಿಗೆ ಅರ್ಧ ಗಂಟೆಯ ಒಳಗಿನ ದಾರಿ. ಬಿರುಗಾಳಿ ಎದ್ದರೆ ಅದೂ ಇಲ್ಲ. ಕಿರ್ಕ್‌ವಾಲಿನಿಂದ ಸರಕಿನ ಹಡಗು ಬರುವುದು ವಾರದ ಕೆಲವೇ ದಿನ. ಮೋಟಾರು ಕಾರೂ ಗೊಬ್ಬರದ ಚೀಲಗಳೂ ಕ್ರೇನಿನಲ್ಲಿ ತೂಗಾಡುತ್ತ ದಡಕ್ಕಿಳಿಯುತ್ತವೆ.

ದ್ವೀಪದ ಉತ್ತರ ಭಾಗ ಹಕ್ಕಿಗಳದು. ಬೇಸಗೆಯಲ್ಲಿ ಆರ್ಕ್ಟಿಕ್ ಟರ್ನ್ ಎಂಬ ಕಡಲಹಕ್ಕಿಗಳು ಅಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಧ್ರುವದಿಂದ ಧ್ರುವಕ್ಕೆ ವರ್ಷವರ್ಷವೂ ವಲಸೆ ಹೋಗಿಬರುವ ಹಕ್ಕಿಗಳಿವು. ಪ್ರಪಂಚದ ಅತಿ ದೀರ್ಘ ಯಾನವನ್ನು ಮಾಡುವ ಜೀವಿಯೂ ಅತಿ ಕಿರಿಯ ಯಾನವನ್ನು ಮಾಡುವ ವಿಮಾನವೂ ಇಳಿಯುವುದು ಒಂದೇ ದ್ವೀಪದಲ್ಲಿ! ಅದೇ ಭಾಗದ ‘ಫೌಲ್ ಕ್ರೇಗ್’ ಎಂಬ ಕಡಿದಾದ ಬಂಡೆಯ ಬಳಿ ದುಃಖದ ಕತೆಯೊಂದು ನಡೆದುಹೋಗಿದೆ. ಮಹಾ ಆಕ್ ಎಂಬ ದೊಡ್ಡ ಹಕ್ಕಿ. ನೀರಿನಲ್ಲಿ ಮೀನಿನಂತೆ ಈಜುತ್ತಿತ್ತು, ಆದರೆ ಹಾರಲಾರದು. ಆರ್ಕ್ನಿಯಲ್ಲಿ ಕೊನೆಗೆ ಉಳಿದ ಜೋಡಿಯನ್ನು ಊರವರು ರಾಜ, ರಾಣಿ ಎಂದು ಕರೆಯುತ್ತಿದ್ದರು. ರಾಣಿ ಮೊದಲು ಸತ್ತಿತು. ಲಂಡನ್ನಿನಲ್ಲಿ ವಸ್ತುಸಂಗ್ರಹಾಲಯವನ್ನಿಟ್ಟಿದ್ದ ಬುಲಕ್ ಎಂಬಾತ 1812ರಲ್ಲಿ ಬಂದು, ಆರು ಹುಟ್ಟಿನ ದೋಣಿಯಲ್ಲಿ ಗಂಟೆಗಟ್ಟಲೆ ರಾಜನನ್ನು ಅಟ್ಟಿದ. ಈಜಿನ ವೇಗಕ್ಕೆ ಸರಿಗಟ್ಟಲಾರದೆ ಬರಿಗೈಯಲ್ಲಿ ಹಿಂದಿರುಗಿದ. ಮರುವರ್ಷ, 1813ರಲ್ಲಿ, ಆ ಹಕ್ಕಿಯನ್ನು ಕೊಂದು ಅವನಿಗೆ ಕಳುಹಿಸಿಕೊಡಲಾಯಿತು. ತೊಗಲಿಗೆ ಹೊಟ್ಟು ತುಂಬಿದ ಆ ರಾಜ ಇಂದಿಗೂ ಇಂಗ್ಲೆಂಡಿನ ಸಂಗ್ರಹಾಲಯದ ಸೊತ್ತು. ಮೂವತ್ತು ವರ್ಷಗಳಲ್ಲಿ ಆ ಕುಲವೇ ಭೂಮಿಯಿಂದ ಅಳಿಯಿತು.

ಪಶ್ಚಿಮದ ದಡಕ್ಕೆ ಬಂದರೆ ‘ನ್ಯಾಪ್ ಆಫ್ ಹಾವರ್’ ಎಂಬ ದಿಬ್ಬ. ಹುಲ್ಲಿನೊಳಗೆ ಹುದುಗಿದಂತೆ ಎರಡು ಕಲ್ಲಿನ ಮನೆಗಳು, ಒಂದಕ್ಕೊಂದು ಅಂಟಿಕೊಂಡು. ಕ್ರಿಸ್ತಪೂರ್ವ 3700ರ ಸುಮಾರಿನಿಂದ ಇಲ್ಲಿ ಜನ ವಾಸಿಸಿದ್ದರೆಂದು ಪುರಾತತ್ತ್ವಜ್ಞರು ನಿರ್ಣಯಿಸಿದ್ದಾರೆ. ಈಜಿಪ್ಟಿನ ಮಹಾ ಪಿರಮಿಡ್ಡಿಗಿಂತ ಸಾವಿರ ವರ್ಷ ಹಳೆಯದು. ಸುಣ್ಣವಿಲ್ಲ, ಗಾರೆಯಿಲ್ಲ, ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ ಗೋಡೆಗಳು ಇಂದಿಗೂ ಎದೆಮಟ್ಟ ನಿಂತಿವೆ. ಒಳಗೆ ಕಲ್ಲಿನ ಜಗಲಿ, ಗೋಡೆಯಲ್ಲಿ ಗೂಡು, ಕಾಳು ಅರೆದು ಅರೆದು ನಡು ಸವೆದ ಕಲ್ಲು. ಆ ಮನೆಯ ಹೆಂಗಸು ಈಗತಾನೇ ನೀರಿಗೆ ಹೋದಳೇನೋ ಎನ್ನಿಸುತ್ತದೆ.

ಇಂದು ಮನೆಯ ಬಾಗಿಲಿಗೇ ಕಡಲು ಬಂದಿದೆ. ಕಟ್ಟಿದ ಕಾಲಕ್ಕೆ ಅದು ದೂರದಲ್ಲಿತ್ತು. ಆಗ ಪಾಪೇಯೂ ವೆಸ್ಟ್ರೇಯೂ ಒಂದೇ ನೆಲವಾಗಿದ್ದಿರಬಹುದೆಂದು ತಿಳಿದವರು ಊಹಿಸುತ್ತಾರೆ. ಹಾಗಿದ್ದರೆ ಈ ಮನೆಯವರು ಕೋಲು ಹಿಡಿದು, ದನ ಕುರಿ ಹೊಡೆದುಕೊಂಡು, ಆಚೆಯ ದಿಬ್ಬದ ನೆಂಟರ ಮನೆಗೆ ನಡೆದೇ ಹೋಗಿರಬೇಕು. ಅರ್ಧ ಗಂಟೆಯ ನಡಿಗೆ. ಬಾಗಿಲು ತುಂಬ ಕುಳ್ಳು. ಬಗ್ಗಿ ಹೊರಗೆ ಬರಬೇಕು. ಬಗ್ಗಿದ ಹೊತ್ತಿಗೆ ಜಲಸಂಧಿಯ ಆಚೆಯಿಂದ ಯಂತ್ರದ ಸದ್ದು ಕೇಳುತ್ತದೆ. ವೆಸ್ಟ್ರೇಯ ಹಸಿರಿನಿಂದ ಚುಕ್ಕೆಯೊಂದು ಎದ್ದಿತೆಂದು ಕಾಣುತ್ತದೆ. ಬೆನ್ನು ನೆಟ್ಟಗೆ ಮಾಡಿ, ಮೊಣಕಾಲಿನ ಮಣ್ಣು ಕೊಡವಿಕೊಂಡು ತಲೆಯೆತ್ತಿ ನೋಡಿದರೆ ವಿಮಾನ ತಲೆಯ ಮೇಲೆ ದಾಟಿ ಹಿಂದಿನ ಹೊಲದಾಚೆ ಇಳಿಯುತ್ತಿದೆ.